‘ಇಲ್ಲ’ ಅಂತ ಹೇಳಿದ್ದು ಯಾರು?

ಬೆಳಿಗ್ಗೆ ಆರು ಇಪ್ಪತ್ತು. ಆಸ್ಪತ್ರೆಯ ಹಿಂಬದಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಯಂತ್ರಗಳು ಆಗಲೇ ಗುಡುಗುತ್ತಿವೆ. ಅದರ ಪಕ್ಕದ ಪುಟ್ಟ ಕೋಣೆಯಲ್ಲಿ ಐವತ್ತೆರಡು ವರ್ಷದ ಹೆಂಗಸೊಬ್ಬರು ಎಡಗೈಯಲ್ಲಿ ಫೋನು ಹಿಡಿದು ಬಲಗೈಯಲ್ಲಿ ಹಣೆ ಒತ್ತಿಕೊಳ್ಳುತ್ತಿದ್ದಾರೆ. ಎದುರಿನ ಪರದೆಯ ಮೇಲೆ ಯಾರದೋ ಎದೆಯ ಎಕ್ಸ್‌ರೇ. ಅದರ ಬದಿಗೆ ಹದಿನೆಂಟು ಪ್ರಶ್ನೆಗಳ ಪಟ್ಟಿ. ಹದಿನೆಂಟಕ್ಕೂ ಉತ್ತರ ಒಂದೇ. ಇವರ ಕೆಲಸ ನೋಡಿ ಬರೆಯಲು ಬಂದ ನನ್ನ ಕಡೆ ತಿರುಗುತ್ತಾರೆ.

“ಕೆಮ್ಮು ಇಲ್ಲ. ಜ್ವರ ಇಲ್ಲ. ಸಕ್ಕರೆ ಕಾಯಿಲೆ ಇಲ್ಲ. ಸಿಗರೇಟು ಇಲ್ಲ. ಕೆಲಸ ಇಲ್ಲ, ಧೂಳು ಇಲ್ಲ, ಹೊಗೆ ಇಲ್ಲ. ಏನೂ ಇಲ್ಲದಿದ್ರೆ ಈಯಮ್ಮ ಎದೆ ಫೋಟೋ ತೆಗೆಸ್ಕೊಳ್ಳೋಕೆ ಯಾಕೆ ಬಂದ್ರು ಸರ್? ಬಸ್ಸು ತಪ್ಪಿತ್ತಾ?”

ಆಸ್ಪತ್ರೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ‘ಇನ್ನೊಂದೇ ಅಕ್ಕ’ ಎಂದು. ಫೋನಿನಲ್ಲಿ “ಇನ್ನೊಂದೇ ಒಂದು ಕೇಳ್ಬಿಡ್ತೀನಿ” ಎಂದು ಶುರುಮಾಡಿ ಒಂಬತ್ತು ಪ್ರಶ್ನೆ ಕೇಳುವುದು ಇವರ ಹಳೆಯ ಚಾಳಿ. ರೋಗಿಗಳು ಬೈಯುತ್ತಾರೆ, ಅರ್ಧಕ್ಕೆ ಫೋನು ಇಡುತ್ತಾರೆ. ಇವರು ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ ಮತ್ತೆ ಅದೇ ನಂಬರು ಒತ್ತುತ್ತಾರೆ.

ಇವರ ಕೆಲಸ ತಿಳಿಯಬೇಕಾದರೆ ಮೊದಲು ಆ ಪರದೆಯ ಕಥೆ ಹೇಳಬೇಕು. ಎರಡು ವರ್ಷದ ಹಿಂದೆ ಇಲ್ಲಿಗೆ ಒಂದು ಕಂಪ್ಯೂಟರ್ ಪ್ರೋಗ್ರಾಂ ಬಂತು. ಅದು ಬರೀ ಎಕ್ಸ್‌ರೇ ನೋಡುವುದಿಲ್ಲ. ರೋಗಿಯ ವಯಸ್ಸು, ಉದ್ಯೋಗ, ಹಳೆಯ ಕಾಯಿಲೆ, ರಕ್ತದ ವರದಿ ಎಲ್ಲವನ್ನೂ ಚಿತ್ರದ ಜೊತೆಗಿಟ್ಟು ತೂಗಿ ಒಂದು ಬಣ್ಣ ಹೇಳುತ್ತದೆ. ಕೆಂಪು ಎಂದರೆ ಡಾಕ್ಟರು ಇವತ್ತೇ ನೋಡಬೇಕು. ಹಳದಿ ಎಂದರೆ ಈ ವಾರ. ಹಸಿರು ಎಂದರೆ ಸಾಲಿನ ಕೊನೆಗೆ. ಸರದಿ ಬರಲು ಮೂರು ವಾರವೂ ಹಿಡಿಯಬಹುದು. ಎಕ್ಸ್‌ರೇ ಓದುವ ಡಾಕ್ಟರು ಇರುವುದು ಒಬ್ಬರೇ, ಚಿತ್ರಗಳು ದಿನಕ್ಕೆ ನೂರೈವತ್ತು. ಹಾಗಾಗಿ ಇಲ್ಲಿ ಬಣ್ಣವೇ ಹಣೆಬರಹ.

ಪ್ರೋಗ್ರಾಂ ದಡ್ಡನಲ್ಲ. ಎದೆಯಲ್ಲಿನ ಅದೇ ಸಣ್ಣ ಚುಕ್ಕೆಗಳು ಒಬ್ಬರಲ್ಲಿ ಎಂದೋ ಬಂದು ವಾಸಿಯಾದ ಸೋಂಕಿನ ಗುರುತಾಗಿರಬಹುದು, ಇನ್ನೊಬ್ಬರಲ್ಲಿ ಕಲ್ಲುಪುಡಿಯಿಂದ ಬಂದ ಕಾಯಿಲೆಯ ಶುರುವಾಗಿರಬಹುದು. ಆ ವ್ಯತ್ಯಾಸ ಹೇಳಬೇಕಾದದ್ದು ಚಿತ್ರವಲ್ಲ, ರೋಗಿ. ದಡ್ಡತನ ಇರುವುದು ರೋಗಿಯನ್ನು ಕೇಳುವ ಜಾಗದಲ್ಲಿ. ಚೀಟಿ ಕೌಂಟರಿನಲ್ಲಿ ಒಬ್ಬೊಬ್ಬರಿಗೆ ಸಿಗುವುದು ಒಂದೂವರೆ ನಿಮಿಷ. ಹದಿನೆಂಟು ಖಾನೆ ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ. ಆಯ್ಕೆ ಎರಡೇ: ‘ಹೌದು’, ‘ಇಲ್ಲ’. ಕೌಂಟರಿನವರೂ ಮನುಷ್ಯರೇ ತಾನೆ? ಕೇಳದೇ ಬಿಟ್ಟದ್ದಕ್ಕೆಲ್ಲ ಟಕಟಕನೆ ‘ಇಲ್ಲ’ ಒತ್ತುತ್ತಾರೆ. ಕೇಳದ ಪ್ರಶ್ನೆಯೂ ಉತ್ತರ ಪಡೆದು, ಚಿತ್ರದ ಪಕ್ಕ ಕೂತು, ಬಣ್ಣ ತೀರ್ಮಾನಿಸುತ್ತದೆ.

ನಾನೂ ಸಾಚಾ ಅಲ್ಲ. ಹಿಂದಿನ ವರ್ಷ ಇಂಥದೇ ಒಂದು ಕಾಗದದ ಮೇಲೆ ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿಗೆ ‘ಇಲ್ಲ’ ಗೀಚಿ ಬಂದಿದ್ದೆ. ಪೆನ್ನಿಗೆ ಕಟ್ಟಿದ್ದ ದಾರ ಕಾಗದದವರೆಗೂ ಬರುತ್ತಿರಲಿಲ್ಲ, ಹಿಂದಿದ್ದವರು ಬೆನ್ನಿಗೆ ಆತುಕೊಂಡೇ ನಿಂತಿದ್ದರು.

“ಅದಕ್ಕೇ ಎಲ್ಲದಕ್ಕೂ ‘ಇಲ್ಲ’ ಅಂತ ಇರೋರಿಗೆ ಮೊದಲ ಫೋನು. ಅಷ್ಟು ಸ್ವಚ್ಛವಾಗಿ ಯಾರೂ ಬದುಕಿರಲ್ಲ ಸರ್,” ಎನ್ನುತ್ತಾರೆ ಅಕ್ಕ. ಎಡವಟ್ಟು ಹಿಡಿಯುವ ಇನ್ನೂ ಹತ್ತಾರು ಉಪಾಯ ಇವರ ಬಳಿ ಇವೆ. ಮೊನ್ನೆಯ ಒಂದು ದಾಖಲೆ ತೆರೆದು ತೋರಿಸಿದರು: ತೂಕ ನೂರ ಅರವತ್ತೆರಡು ಕಿಲೋ, ಎತ್ತರ ಐವತ್ತೆಂಟು ಸೆಂಟಿಮೀಟರ್. “ಎರಡೂ ಅದಲುಬದಲಾಗಿದೆ ಅಂತ ಮಕ್ಕಳಿಗೂ ಗೊತ್ತಾಗುತ್ತೆ. ಮನುಷ್ಯನೋ ಕುಂಬಳಕಾಯಿಯೋ ಅಂತಾನಾದ್ರೂ ಈ ಕಂಪ್ಯೂಟರ್ ಕೇಳ್ಬೇಕೋ ಬೇಡ್ವೋ? ಮರ್ಯಾದೆಯಾಗಿ ನುಂಗಿಕೊಂಡು ಹಸಿರು ಕೊಟ್ಟಿದೆ.”

ಡ್ಯೂಟಿ ಶುರುವಾಗುವುದು ಒಂಬತ್ತಕ್ಕೆ. ಇವರು ಬರುವುದು ಆರಕ್ಕೆ. ಯಾಕೆ ಎಂದು ಕೇಳಿದರೆ ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದರು. “ಎಷ್ಟೋ ಮನೇಲಿ ಇರೋದು ಒಂದೇ ಫೋನು. ಎಂಟು ಗಂಟೆಯಾದ್ರೆ ಅದು ಗಂಡಂದಿರ ಜೇಬಿಗೆ ಹೋಗುತ್ತೆ. ಆಮೇಲೆ ನಾನು ಯಾರನ್ನ ಕೇಳ್ಲಿ?”

ಈ ಎರಡು ಗಂಟೆಯಲ್ಲಿ ನಲವತ್ತು ಕರೆ. ಎತ್ತುವವರು ಇಪ್ಪತ್ತೈದು ಮಂದಿ. ಅವರಲ್ಲಿ ದಿನಕ್ಕೆ ಏಳೆಂಟು ಮಂದಿಯ ಬಣ್ಣ ಬದಲಾಗುತ್ತದೆ. ಅಂದರೆ ದಿನಕ್ಕೆ ಏಳೆಂಟು ಮಂದಿ, ತಮಗೇ ಗೊತ್ತಿಲ್ಲದಂತೆ, ತಪ್ಪು ಸಾಲಿನಲ್ಲಿ ನಿಂತಿರುತ್ತಾರೆ. ಈ ಲೆಕ್ಕ ಆಸ್ಪತ್ರೆಯ ಯಾವ ವರದಿಯಲ್ಲೂ ಇಲ್ಲ, ಅಕ್ಕನ ಉದ್ದನೆಯ ನೋಟ್‌ಬುಕ್ಕಿನಲ್ಲಿದೆ.

ಈಗ ಹದಿನೆಂಟು ‘ಇಲ್ಲ’ಗಳ ಆ ಹೆಂಗಸಿನ ಮನೆಗೆ ಫೋನು ಹೋಗುತ್ತದೆ. ಎತ್ತುವುದು ಗಂಡ.

“ಆಸ್ಪತ್ರೆಯಿಂದ ಯಜಮಾನ್ರೇ. ನಿನ್ನೆ ನಿಮ್ಮ ಮನೆಯವರು ಎದೆ ಫೋಟೋ ತೆಗೆಸ್ಕೊಂಡ್ರಲ್ಲ, ಅವರ ಹತ್ರ ಇನ್ನೊಂದೇ ಒಂದು ಕೇಳ್ಬೇಕಿತ್ತು.”

“ನನ್ನೇ ಕೇಳಿ. ಅವಳಿಗೇನು ಗೊತ್ತಾಗುತ್ತೆ?”

“ಕೆಮ್ಮೋದು ಅವರು, ಗೊತ್ತಾಗೋದೂ ಅವರಿಗೇ. ಕೊಡಿ ಅವರಿಗೆ.”

“ಕೌಂಟರಲ್ಲಿ ಎಲ್ಲ ಹೇಳಿದೀನಲ್ಲ. ಮನೇಲೇ ಇರ್ತಾಳೆ, ಕೆಲಸಗಿಲಸ ಏನಿಲ್ಲ ಅಂತ.”

ಅಕ್ಕ ಕಣ್ಣು ಮುಚ್ಚಿ ಮೂರು ಎಣಿಸುತ್ತಾರೆ, ತುಟಿ ಅಲ್ಲಾಡುವುದು ನನಗೆ ಕಾಣುತ್ತದೆ. ಮತ್ತೆ ಅದೇ ನಯದಲ್ಲಿ, “ಕೊಡಿ ಯಜಮಾನ್ರೇ, ಎರಡೇ ನಿಮಿಷ.” ಕೊನೆಗೂ ಹೆಂಗಸಿನ ದನಿ ಬರುತ್ತದೆ. ಅವರದೂ ಗಂಡನ ಉತ್ತರವೇ: ಕೆಲಸ ಏನಿಲ್ಲಕ್ಕ, ಮನೇಲೇ ಇರ್ತೀನಿ.

“ಸರಿನಮ್ಮ. ಅಡುಗೆ ಪಾತ್ರೆ ಎಲ್ಲ ಆದ್ಮೇಲೆ ಏನ್ಮಾಡ್ತೀರ?”

“ಮಣಿ ಉಜ್ತೀನಿ.”

“ಯಾವ ಮಣಿ?”

“ಕಲ್ಲಿಂದು. ಸರಕ್ಕೆ ಪೋಣಿಸ್ತಾರಲ್ಲ, ಅದು. ಹಿಂದಿನ ಕೋಣೇಲಿ ಚಕ್ರ ಇಟ್ಕೊಂಡಿದೀವಿ.”

“ಎಷ್ಟು ವರ್ಷ ಆಯ್ತು?”

“ಮದುವೆಯಾಗಿ ಬಂದಾಗಿಂದ. ಹದಿನೇಳು ವರ್ಷ.”

“ಧೂಳು ಏಳುತ್ತಾ?”

“ಧೂಳೇನಿಲ್ಲಕ್ಕ, ಬರೀ ಬಿಳೀ ಪುಡಿ. ಸಂಜೆ ಹೊತ್ತಿಗೆ ತಲೆಕೂದಲೆಲ್ಲ ಬೆಳ್ಳಗಾಗಿರುತ್ತೆ, ಒರೆಸ್ಕೊಂಡ್ರೆ ಹೋಗುತ್ತೆ. ಕಿಟಕಿ ಮುಚ್ಚೇ ಇರ್ತೀವಿ, ಇಲ್ದಿದ್ರೆ ಮನೆಯೆಲ್ಲ ಹಾರುತ್ತೆ.”

“ಕೆಮ್ಮು?”

“ಅದು ಇದ್ದೇ ಇರುತ್ತೆ ಬೆಳಿಗ್ಗೆ ಹೊತ್ತು.”

“ಜೊತೆಗೆ ಯಾರಾದ್ರೂ ಕೂತ್ಕೋತಾರಾ?”

“ಮಗಳು. ಸ್ಕೂಲಿಗೆ ರಜ ಇದ್ದಾಗ.”

ಅಕ್ಕ ಬೈಯುವುದಿಲ್ಲ. ದನಿ ಇನ್ನಷ್ಟು ಇಳಿಸಿ, ಡಾಕ್ಟರು ನೋಡುವವರೆಗೆ ಚಕ್ರದ ಹತ್ತಿರ ಹೋಗಬೇಡಿ, ಮಗಳನ್ನಂತೂ ಕೂರಿಸಲೇಬೇಡಿ ಎಂದು ಎರಡೆರಡು ಸಲ ಹೇಳುತ್ತಾರೆ. ಆ ಕಡೆಯಿಂದ “ಹೂಂ” ಬರುವವರೆಗೂ ಫೋನು ಇಡುವುದಿಲ್ಲ. ಆಮೇಲೆ ನಾಲ್ಕು ಖಾನೆ ತಿದ್ದುತ್ತಾರೆ: ಉದ್ಯೋಗ, ಧೂಳು, ಹತ್ತು ವರ್ಷ ಮೀರಿದೆಯೇ, ಕೆಮ್ಮು. ಗುಂಡಿ ಒತ್ತಿ ಐದು ಸೆಕೆಂಡು ಕಾಯುತ್ತಾರೆ. ಹಸಿರು ಹೋಗಿ ಕೆಂಪು ಬರುತ್ತದೆ. ಚಿತ್ರದಲ್ಲಿ ಒಂದು ಚುಕ್ಕೆಯೂ ಹೆಚ್ಚುಕಡಿಮೆಯಾಗಿಲ್ಲ. ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ತಿಳಿಯಲಿಲ್ಲ. ಗಂಡನ ಮೇಲೆಯೋ, ಕೌಂಟರಿನ ಮೇಲೆಯೋ, ದಾರ ಕಟ್ಟಿದ ಆ ಪೆನ್ನಿನ ಮೇಲೆಯೋ.

ಇಪ್ಪತ್ತೇಳು ವರ್ಷದ ಹಿಂದೆ ಇದೇ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಎಕ್ಸ್‌ರೇ ಫಿಲ್ಮು ತೊಳೆಯುವ ಕೆಲಸಕ್ಕೆ ಸೇರಿದವರು ಅಕ್ಕ. ಹದಿನಾಲ್ಕು ವರ್ಷ ಔಷಧಿ ನೀರಿನ ತೊಟ್ಟಿಗಳ ಮೇಲೆ ಬಗ್ಗಿ ನಿಂತಿದ್ದಾರೆ. ಆ ಹುಳಿ ವಾಸನೆ ಸೀರೆಗೆ ಅಂಟಿಕೊಂಡೇ ಮನೆಗೆ ಬರುತ್ತಿತ್ತಂತೆ. ಅತ್ತೆ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, “ಮೊದಲು ಸ್ನಾನ, ಆಮೇಲೆ ಮಾತು” ಎನ್ನುತ್ತಿದ್ದರಂತೆ. ಫಿಲ್ಮು ಹೋಗಿ ಎಲ್ಲ ಪರದೆಗೆ ಬಂದ ಮೇಲೆ ಕತ್ತಲೆ ಕೋಣೆ ಪೊರಕೆ ಬಕೆಟ್ಟಿನ ಕೋಣೆಯಾಯಿತು. ಅಕ್ಕನನ್ನು ದಾಖಲೆ ವಿಭಾಗಕ್ಕೆ ತಳ್ಳಿದರು. ಅಲ್ಲಿಂದ ಈ ಮೇಜಿಗೆ. ಫೋನು ಮಾಡು ಎಂದು ಯಾರೂ ಹೇಳಿರಲಿಲ್ಲ. ಬರೀ ಹೆಸರು, ನಂಬರು ತಾಳೆ ನೋಡು ಎಂದಿದ್ದರು. ಮೊದಲ ವಾರವೇ ಹದಿನೆಂಟು ‘ಇಲ್ಲ’ಗಳ ದಾಖಲೆಯೊಂದು ಸಿಕ್ಕಿ, ತಡೆಯಲಾರದೆ ಫೋನು ಎತ್ತಿದರು.

ಅತ್ತೆಗೆ ಈಗ ಎಂಬತ್ತೊಂದು. ಐದು ಗಂಟೆಗೆ ಸೊಸೆ ಮನೆ ಬಿಡುವುದು ಅವರಿಗೆ ಇಂದಿಗೂ ಸರಿಬರುವುದಿಲ್ಲ. “ಊರವರ ಕೆಮ್ಮೆಲ್ಲ ನಿನಗ್ಯಾಕೆ ಬೇಕಮ್ಮಾ, ಅಂತಾರೆ. ಅಂತಾನೇ ಫ್ಲಾಸ್ಕಿಗೆ ಟೀ ತುಂಬಿ ಕೊಡ್ತಾರೆ,” ಎಂದು ಅಕ್ಕ ನಗುತ್ತಾರೆ. ಗಂಡ ಟೈಲರು. ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ನು. ಆಡುವುದಕ್ಕಿಂತ ಹೊಲಿಯುವುದೇ ಹೆಚ್ಚಂತೆ.

ಇಂಥ ಮೇಜನ್ನು ಆಸ್ಪತ್ರೆ ತಲೆಯ ಮೇಲೆ ಹೊತ್ತು ಮೆರೆಸಬೇಕಿತ್ತು. ಬದಲಿಗೆ ಎತ್ತಂಗಡಿ ಮಾಡಲು ಹೊರಟಿದೆ. ಪ್ರೋಗ್ರಾಮಿನ ಹೊಸ ಆವೃತ್ತಿ ಬರುತ್ತಿದೆಯಂತೆ. ಅದರಲ್ಲಿ ಕೌಂಟರಿನವರು ಖಾನೆಗಳನ್ನು ಖಾಲಿ ಬಿಡಬಹುದು. ಆ ವಯಸ್ಸಿನವರು ಸಾಮಾನ್ಯವಾಗಿ ಏನು ಹೇಳುತ್ತಾರೋ ಅದನ್ನು ಕಂಪ್ಯೂಟರೇ ತುಂಬಿಕೊಳ್ಳುತ್ತದೆ. ಫೋನಿನ ಮೇಜು ಇನ್ನು ಬೇಡ, ಸೋಮವಾರದ ಸಭೆಯಲ್ಲಿ ತೀರ್ಮಾನ ಮಾಡೋಣ ಎಂದು ಆಡಳಿತದ ಸಾಹೇಬರು ಚೀಟಿ ಕಳಿಸಿದ್ದಾರೆ.

“ಅಂದ್ರೆ ಈಯಮ್ಮನ ವಯಸ್ಸಿನ ಹೆಂಗಸರು ಸಾಮಾನ್ಯವಾಗಿ ಏನ್ ಹೇಳಿದಾರೆ? ‘ಕೆಲಸ ಇಲ್ಲ’. ಹೇಳಿರೋದು ಯಾರು? ಅವರ ಗಂಡಂದಿರು. ಅದನ್ನೇ ಒಟ್ಟು ಮಾಡಿ ಮತ್ತೆ ಇವರ ತಲೆಗೇ ಕಟ್ಟಿದ್ರೆ, ಇದಕ್ಕೆ ಅಷ್ಟು ದೊಡ್ಡ ಮಿಷನ್ ಯಾಕ್ ಸರ್ ಬೇಕು?” ಅಕ್ಕನ ಕೈಯಲ್ಲಿದ್ದ ಪೆನ್ನು ಮೇಜಿನ ಮೇಲೆ ಟಪ್ಪನೆ ಬೀಳುತ್ತದೆ.

ಒಂಬತ್ತೂವರೆಗೆ ಎಕ್ಸ್‌ರೇ ಡಾಕ್ಟರಮ್ಮ ಬರುತ್ತಾರೆ. ಕೆಂಪು ಸಾಲಿನ ಮೊದಲ ಚಿತ್ರವೇ ಮಣಿ ಉಜ್ಜುವ ಹೆಂಗಸಿನದು. ಹತ್ತಿರ ಹೋಗಿ, ದೂರ ಸರಿದು ನೋಡುತ್ತಾರೆ. ಸಿ.ಟಿ. ಸ್ಕ್ಯಾನು, ಕಫದ ಪರೀಕ್ಷೆ ಎರಡನ್ನೂ ಇವತ್ತೇ ಮಾಡಿಸಲು ಬರೆಯುತ್ತಾರೆ. “ಇದು ಕಲ್ಲುಪುಡಿಯದೇ ಆಗಿದ್ರೆ, ಆಗಿರೋದನ್ನ ವಾಪಸ್ ತರೋಕಾಗಲ್ಲ. ಧೂಳು ಬಿಟ್ರೆ ಮುಂದೆ ಹೋಗೋದು ನಿಧಾನ ಆಗ್ಬಹುದು. ಮಗಳನ್ನಂತೂ ಉಳಿಸ್ಕೋಬಹುದು,” ಎನ್ನುತ್ತಾರೆ. ಪ್ರೋಗ್ರಾಂ ಬಗ್ಗೆ ಕೇಳಿದರೆ ಅವರಿಗೂ ರೇಗುತ್ತದೆ. “ಅದು ಒಳ್ಳೇದೇ. ನನ್ನ ಕಣ್ಣು ತಪ್ಪಿಸಿದ್ದನ್ನ ಎಷ್ಟೋ ಸಲ ಹಿಡಿದುಕೊಟ್ಟಿದೆ. ನಾವೇ ಅದಕ್ಕೆ ಸುಳ್ಳು ತಿನ್ನಿಸ್ತಾ ಇದೀವಿ. ಈ ಅಕ್ಕ ಇಲ್ದಿದ್ರೆ ಈ ಚಿತ್ರ ನನ್ನ ಮುಂದೆ ಬರೋಕೆ ಇನ್ನೂ ಮೂರು ವಾರ ಆಗ್ತಿತ್ತು.”

ನಿಮಗೇನು ಬೇಕು ಎಂದು ಅಕ್ಕನನ್ನು ಕೇಳುತ್ತೇನೆ. ಮೇಜು ಉಳಿಯಬೇಕು ಎನ್ನುತ್ತಾರೆ ಎಂದುಕೊಂಡಿದ್ದೆ.

“ಮೇಜು ಬೇಕಾದ್ರೆ ತೆಗೀಲಿ ಸರ್. ‘ಹೌದು’, ‘ಇಲ್ಲ’ ಜೊತೆಗೆ ಇನ್ನೊಂದೇ ಒಂದು ಖಾನೆ ಹಾಕ್ಲಿ, ‘ಕೇಳಿಲ್ಲ’ ಅಂತ. ಕೇಳಿಲ್ಲ ಅಂತ ಬರೆದ್ರೆ ಯಾರಾದ್ರೂ ಒಬ್ರು ಕೇಳ್ತಾರೆ. ‘ಇಲ್ಲ’ ಅಂತ ಬರೆದ್ಬಿಟ್ರೆ ಮುಗೀತು, ಯಾರೂ ತಿರುಗಿ ನೋಡಲ್ಲ.”

ಎದ್ದು ಹೊರಡುವವನನ್ನು ಕೂರಿಸಿ ಮತ್ತೊಂದು ದಾಖಲೆ ತೆರೆಯುತ್ತಾರೆ. ಹೆಂಗಸು, ವಯಸ್ಸು ಐವತ್ತೊಂದು. ಉದ್ಯೋಗ: ಇಲ್ಲ. ಹೊಗೆ, ಧೂಳು, ಔಷಧಿ ಆವಿ: ಇಲ್ಲ. ಕೆಮ್ಮು: ಇಲ್ಲ. ಬಣ್ಣ ಹಸಿರು. ಯಾರದಿದು ಎನ್ನುವಷ್ಟರಲ್ಲಿ ನನಗೇ ಹೊಳೆಯುತ್ತದೆ. ಹಿಂದಿನ ವರ್ಷ ಮೂರು ವಾರ ಕೆಮ್ಮಿದಾಗ ಅಕ್ಕ ತೆಗೆಸಿಕೊಂಡ ಎಕ್ಸ್‌ರೇ ಅದು. ಇವರು ಬೆಂಚಿನ ಮೇಲೆ ಕೂತಿದ್ದರು, ಕೌಂಟರಿನ ಸಾಲಿನಲ್ಲಿ ನಿಂತದ್ದು ಗಂಡ. ಮನೆಗೆ ಹೋಗಿ ಜಗಳ ತೆಗೆದರೆ ಅವರು ಸೂಜಿಯಿಂದ ಕಣ್ಣೆತ್ತದೆ, “ಕೇಳಿದ್ರೆ ತಾನೇ ಹೇಳೋದು?” ಅಂದರಂತೆ. ಡಾಕ್ಟರಮ್ಮ ಮಾರನೆಯ ದಿನವೇ ನೋಡಿ ಏನೂ ತೊಂದರೆಯಿಲ್ಲ ಎಂದಿದ್ದರು. ದಾಖಲೆ ಮಾತ್ರ ಹಾಗೇ ಇದೆ.

“ಊರಿನವರದೆಲ್ಲ ತಿದ್ದುತ್ತೀರಿ, ನಿಮ್ಮದನ್ನೇ ಯಾಕೆ ಬಿಟ್ಟಿದ್ದೀರಿ?”

“ಬೇಕು ಅಂತಾನೇ ಬಿಟ್ಟಿದೀನಿ ಸರ್. ಸೋಮವಾರ ಸಭೇಲಿ ದೊಡ್ಡ ಪರದೆ ಇರುತ್ತಲ್ಲ, ಅದರ ಮೇಲೆ ಇದನ್ನ ಹಾಕ್ತೀನಿ. ಎಲ್ರೂ ಓದ್ಲಿ. ಆಮೇಲೆ, ‘ಸಾಹೇಬ್ರೇ, ಇಪ್ಪತ್ತೇಳು ವರ್ಷದಿಂದ ನಿಮ್ಮ ಆಸ್ಪತ್ರೇಲೇ ಇದೀನಿ. ಇನ್ನೊಂದೇ ಒಂದು ಕೇಳ್ಬಿಡ್ತೀನಿ, ನನಗೆ ಕೆಲಸ ಇಲ್ಲ ಅಂತ ಹೇಳಿದ್ದು ಯಾರು?’ ಅಂತೀನಿ.”