ಲಾಗ್‌ನಲ್ಲಿ ಉಳಿದ ಹೆಸರು

1994ರಲ್ಲಿ ನಾನು ಶಿಡ್ಲಘಟ್ಟದಲ್ಲಿ, ರೇಷ್ಮೆ ನೂಲು ತೆಗೆಯುವ ಯಂತ್ರಗಳಿಗೆ ನೀರಿನ ಬಿಸಿ ಹತೋಟಿಯಲ್ಲಿಡುವ ಕಂಟ್ರೋಲರ್ ತಯಾರಿಸುತ್ತಿದ್ದ ಸಣ್ಣ ಕಂಪನಿಯೊಂದರ ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥನಾಗಿದ್ದೆ. ಮುಖ್ಯಸ್ಥ ಎಂದರೆ ಕೈಕೆಳಗೆ ಮೂವರು. ಅವರಲ್ಲಿ ಚಿಂತಾಮಣಿಯ ವೆಂಕಟಲಕ್ಷ್ಮಿಯೇ ಚುರುಕು. ಅವಳ ತಾಯಿ ನೂಲು ಬಿಚ್ಚುವ ಕೆಲಸದಲ್ಲಿದ್ದವರು. ಯಾವ ಗೂಡಿಗೆ ನೀರು ಎಷ್ಟು ಬಿಸಿಯಿರಬೇಕೆಂದು ಮುಟ್ಟಿ ನೋಡಿಯೇ ಹೇಳುತ್ತಿದ್ದರು. ಅವರು ಹೇಳಿದ್ದನ್ನು ಪ್ರೋಗ್ರಾಂ ಸಾಲುಗಳ ಪಕ್ಕದಲ್ಲಿ ಕನ್ನಡದಲ್ಲೇ ಟಿಪ್ಪಣಿ ಬರೆದಿಡು ಎಂದವನು ನಾನು.

ವರ್ಷನ್ ಕಂಟ್ರೋಲ್ ಸಾಫ್ಟ್‌ವೇರ್ ತಂದವನೂ ನಾನೇ. ಅದು ಪ್ರೋಗ್ರಾಂನ ಪ್ರತಿ ಬದಲಾವಣೆಯನ್ನೂ ಮಾಡಿದವರ ಹೆಸರಿನೊಂದಿಗೆ ಕಾಪಾಡಿಡುತ್ತದೆ. ಅದರಲ್ಲಿಟ್ಟ ಮೇಲೆ ಸ್ವಂತ ಪ್ರತಿ ಅಳಿಸಿಬಿಡಬೇಕು ಎಂಬ ನಿಯಮ ಮಾಡಿದ್ದೆ. ಎರಡು ಪ್ರತಿ ಇದ್ದರೆ ಗೊಂದಲವಂತೆ!

ಮಳೆಗಾಲದ ಗೂಡು ಬಂತು. ಯಂತ್ರ ಕೊಳ್ಳುವವರ ಮುಂದೆ ಓಡಿಸಿ ತೋರಿಸಲು ವೆಂಕಟಲಕ್ಷ್ಮಿ ಬರೆದಿದ್ದ ಮಳೆಗಾಲದ ಪ್ರೋಗ್ರಾಂ ತೆಗೆದರೆ ಅರ್ಧಕ್ಕರ್ಧ ಇಲ್ಲ. ಲಾಗ್‌ನಲ್ಲಿ, ಅಂದರೆ ಬದಲಾವಣೆಗಳ ದಾಖಲೆಯಲ್ಲಿ, ಕೊನೆಯ ಹೆಸರು ಅವಳದೇ. ಉಳಿದಿಬ್ಬರ ಫೈಲುಗಳಿಗೆ ಏನೂ ಆಗಿರಲಿಲ್ಲ.

"ನಾನು ಅಳಿಸಿಲ್ಲ ಸಾರ್. ಒಂದ್ಸಲ ಆ ಸಾಫ್ಟ್‌ವೇರನ್ನೇ ನೋಡ್ಬಿಡಿ" ಎಂದಳು.

"ಎಷ್ಟೋ ಜನ ಬಳಸ್ತಾರಮ್ಮ ಅದನ್ನ. ನಿಂದೊಬ್ಬಳದೇ ಕೆಡುತ್ತಾ?" ಎಂದೆ.

ಅಂದೇ ಮಾಲೀಕರು ಎಲ್ಲರೆದುರು ಅವಳನ್ನು ಕೆಲಸದಿಂದ ತೆಗೆದರು.

ಮೂರು ವಾರದ ನಂತರ ಆ ಫೈಲು ಎಲ್ಲಿ ತುಂಡಾಗಿದೆಯೆಂದು ನೋಡಿದೆ. ಅವಳ ತಾಯಿಯ ಮಾತಿನ ಟಿಪ್ಪಣಿಯ ನಡುವೆ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯಿರುತ್ತದೆ. ನಮ್ಮ ಕನ್ನಡ ಫಾಂಟ್‌ನಲ್ಲಿ ಅಪರೂಪದ ಒಂದು ಒತ್ತಕ್ಷರಕ್ಕೆ 255. ಉಳಿದಿಬ್ಬರು ಬರೆಯುತ್ತಿದ್ದ ಇಂಗ್ಲಿಷಿನಲ್ಲಿ ಆ ಸಂಖ್ಯೆ ಬರುವುದೇ ಇಲ್ಲ. ಅದು ಕಂಡೊಡನೆ ವರ್ಷನ್ ಕಂಟ್ರೋಲ್ ಸಾಫ್ಟ್‌ವೇರ್ ಫೈಲು ಮುಗಿಯಿತೆಂದು ತಿಳಿದು ಮುಂದಿನದ್ದನ್ನೆಲ್ಲ ಬಿಟ್ಟುಬಿಡುತ್ತಿತ್ತು. ಪರೀಕ್ಷಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ.

ಚಿಂತಾಮಣಿಗೆ ಹೋಗಿ ಹೇಳಿದೆ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

"ಎಲ್ಲರ ಮುಂದೆ ಆಚೆ ಕಳಿಸಿದ್ರಿ. ಇದನ್ನೂ ಎಲ್ಲರ ಮುಂದೇನೇ ಹೇಳಿ ಸಾರ್."

ಮಾಲೀಕರಿಗೆ ಹೇಳಿದೆ. "ಆಗಿದ್ದಾಯ್ತು ಬಿಡ್ರಿ, ಈಗ ಯಾಕೆ?" ಎಂದರು. ಬಿಟ್ಟೆ. ನನಗೂ ಅದೇ ಬೇಕಿತ್ತು ಎಂದು ಒಪ್ಪಿಕೊಳ್ಳಲು ಇಷ್ಟು ವರ್ಷ ಹಿಡಿಯಿತು.

ಕೊನೆಗೆ ಮುಟ್ಟಿದವರು ಯಾರೆಂದು ಲಾಗ್ ಹೇಳುತ್ತದೆ, ಕೆಡಿಸಿದವರು ಯಾರೆಂದು ಹೇಳುವುದಿಲ್ಲ. ವೃತ್ತಿ ನನಗೆ ಕಲಿಸಿದ್ದು ಇಷ್ಟು. ಮುಂದೆ ಸೇರಿದವರಿಗೆಲ್ಲ ಈ ದೋಷದ ಬಗ್ಗೆ ತಪ್ಪದೆ ಪಾಠ ಮಾಡಿದೆ. ಆ ಫೈಲು ಯಾರದೆಂದು ಕೇಳಿದವರಿಗೆ ಮಾತ್ರ, ಹಿಂದೆ ಇದ್ದ ಒಬ್ಬರದು ಎನ್ನುತ್ತಿದ್ದೆ.