ಗೋಡೆಯೊಳಗಿನ ಒಲೆ

ಹೋದ ಚಳಿಗಾಲದಲ್ಲಿ ನನ್ನ ಸೊಸೆ ದಿನ ತುಂಬುವ ಮೊದಲೇ ಹೆತ್ತಳು. ಅವಳಿಗೆ ಕಲ್ಲೋಳಿಯಲ್ಲಿ ತವರಿದೆ, ತಾಯಿ ಇಲ್ಲ. ಬಾಣಂತನ ನನ್ನ ಪಾಲಿಗೆ ಬಂತು. ಗೋಕಾಕದ ದವಾಖಾನೆಯಿಂದ ಕಳಿಸುವಾಗ ಸಿಸ್ಟರ್ ಹೇಳಿದ್ದು ಒಂದೇ ಮಾತು: "ಆಯಿ, ಕೂಸಿನ ಅಂಗಾಲು ತಣ್ಣಗಾಗಾಕ ಬಿಡಬ್ಯಾಡ್ರಿ."

ನನ್ನ ಮಗ ಊರಾಚೆಯ ಹಳೆ ಇಂಗ್ಲಿಷ್ ಬಂಗಲೆಯ ಕಾವಲುಗಾರ. ನಾವಿರುವುದು ಅದರ ಹಿತ್ತಲಿನ ತಗಡಿನ ಮನೆಯಲ್ಲಿ. ಅಲ್ಲಿ ಕೂಸಿನ ಕಾಲು ಮುಟ್ಟಿದರೆ ಕೊಡದೊಳಗಿನ ತಣ್ಣೀರು ಮುಟ್ಟಿದ ಹಾಗೆ. ಮಗ ಮಾಲೀಕರಿಗೆ ಫೋನ್ ಮಾಡಿದ. ಬಂಗಲೆಯೊಳಗೇ ಇರಿ ಅಂದರು.

ಬಂಗಲೆ ಗುಡಿಸುವವಳು ನಾನೇ. ಕಟ್ಟಿಸಿದ ಸಾಹೇಬ ತನ್ನ ದೇಶದ ಮನೆಯನ್ನೇ ಇಲ್ಲಿ ತಂದು ನಿಲ್ಲಿಸಿದ್ದಾನಂತೆ. ಚಾವಣಿ ಎಷ್ಟು ಎತ್ತರವೆಂದರೆ ಜೇಡರ ಬಲೆ ತೆಗೆಯಲು ಕೋಲಿಗೆ ಕೋಲು ಕಟ್ಟಬೇಕು. ಕಿಟಕಿಗಳು ಬಾಗಿಲಿನಷ್ಟು ದೊಡ್ಡವು, ಗಾಜು ಮಾತ್ರ ಅಂಗೈಯಗಲದ ತುಂಡುಗಳು. ಒರೆಸಿ ಒರೆಸಿ ನನ್ನ ರಟ್ಟೆ ಹೋಗಿದೆ. ಸಾಗವಾನಿ ಮೆಟ್ಟಿಲಿನ ಕಟಕಟೆ ನನಗೆ ಇಷ್ಟ, ಮುದುಕಿಯ ಕೈಗೆ ಸರಿಯಾಗಿ ಸಿಗುತ್ತದೆ. ಪಡಸಾಲೆಯ ಗೋಡೆಯೊಳಗೊಂದು ಒಲೆ, ಸುತ್ತ ಕರಿಕಲ್ಲಿನಲ್ಲಿ ದ್ರಾಕ್ಷಿ ಬಳ್ಳಿ ಕೆತ್ತಿದ್ದಾರೆ. ಅಡುಗೆಗಲ್ಲ, ಮೈ ಕಾಯಿಸಿಕೊಳ್ಳಲು.

ಹೊಸದಾಗಿ ಒಲೆ ಹಚ್ಚುವ ಮೊದಲು ನಮ್ಮಲ್ಲಿ ಸಾರಿಸಬೇಕು. ಸಗಣಿ ಬಳಿದು, ಅರಿಶಿನ ಕುಂಕುಮ ಏರಿಸಿ, ಕುಳ್ಳು ಕಟ್ಟಿಗೆ ಒಟ್ಟಿದೆ. ಬಗ್ಗಿ ನೋಡಿದರೆ ಮೇಲೆ ಹೊಗೆ ಹೋಗುವ ದೊಡ್ಡ ಕೊಳವೆ, ತುದಿಯಲ್ಲಿ ಆಕಾಶ. ಕಾವೆಲ್ಲ ಹಾಳಾಗಿ ಹೋಗುತ್ತದಲ್ಲ ಎಂದು ಅದರೊಳಗೆ ಹಸಿ ಗೋಣಿಚೀಲ ತುರುಕಿದೆ. ಹೊಗೆಗೆ ಕಿಟಕಿ ಇದೆಯಲ್ಲ!

ಬೆಂಕಿ ಹಚ್ಚಿದ್ದೇ ತಡ, ಪಡಸಾಲೆ ತುಂಬಾ ಹೊಗೆ. ಸೊಸೆ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲೇರಿದಳು.

"ಏನ್ರಿ ಅತ್ತಿ, ಕೂಸಿಗಿ ಕಾವು ಕೊಡಾಕತ್ತೀರೋ, ಬಾಳಿಕಾಯಿಗಿ ಹೊಗಿ ಹಾಕಾಕತ್ತೀರೋ?"

"ಸುಮ್ಮನ ಮ್ಯಾಲ ಕುಂಡರು!"

ಕೆಮ್ಮುತ್ತ ಚೀಲ ಎಳೆದು ಹಾಕಿದೆ. ಮಗ ಕಿಟಕಿಗಳನ್ನೆಲ್ಲ ತೆರೆದ. ಇದ್ದಬದ್ದ ಚಳಿ ಒಳಗೆ ಬಂತು. ಈಗ ಬೆಂಕಿ ಭರ್ ಎಂದು ಉರಿಯಿತು, ಆದರೆ ಕಾವು ಕೊಳವೆ ಹಿಡಿದು ಹೊರಟಿತು. ಕೂಸಿನ ಗತಿ ಏನು ಎಂದು ನಾನು ಕಟ್ಟಿಗೆಯ ಮೇಲೆ ಕಟ್ಟಿಗೆ ಒಟ್ಟಿದೆ.

ಒಂದು ಹೊರೆ ಕಟ್ಟಿಗೆ ಉರಿದ ಮೇಲೆ ಸೊಸೆ ಮೇಲಿನಿಂದ ಕೂಗಿದಳು. "ಅತ್ತಿ, ಇಲ್ಲಿ ಗ್ವಾಡಿ ಬಿಸಿ ಆಗೇತ್ರಿ!"

ಹತ್ತಿ ಹೋದೆ. ಪಡಸಾಲೆಯ ನೆತ್ತಿಯ ಮೇಲೊಂದು ಸಣ್ಣ ಕೋಣೆ. ಹೊಗೆಯ ಕೊಳವೆ ಅದರ ಗೋಡೆಯೊಳಗಿಂದಲೇ ಹಾದು ಹೋಗುತ್ತದೆ. ಕೈಯಿಟ್ಟು ನೋಡಿದೆ. ಆಗತಾನೇ ಹಾಲು ಕರೆದ ಚರಿಗೆಯ ಹಾಗಿತ್ತು. ಹೊಗೆಯ ವಾಸನೆಯೂ ಇಲ್ಲ. ಮಂಚ ಎಳೆದು ಆ ಗೋಡೆಗೆ ಹಚ್ಚಿದೆವು.

"ಸಾಹೇಬ ನಿಮಗಿಂತ ಶಾಣ್ಯಾ ಇದ್ದ ನೋಡ್ರಿ, ಅತ್ತಿ."

"ಇದ್ದಿರಬೇಕು. ಒಲಿ ಸಾರಿಸೋದು ಮಾತ್ರ ಗೊತ್ತಿರಲಿಲ್ಲ ಅವಗ."

ಸ್ವಲ್ಪ ಹೊತ್ತು ಬಿಟ್ಟು ಕೌದಿಯೊಳಗೆ ಕೈಹಾಕಿ ಅಂಗಾಲು ಹಿಡಿದೆ. ಬೆಚ್ಚಗಿತ್ತು. ಕೂಸು ಕಾಲು ಕಸಿದುಕೊಂಡು, ಮುಖ ಕಿವುಚಿ, ಮನೆ ಹಾರಿಹೋಗುವ ಹಾಗೆ ಅತ್ತಿತು. ಹುಟ್ಟಿದಾಗಿನಿಂದ ಅಷ್ಟು ಜೋರಾಗಿ ಅತ್ತಿರಲಿಲ್ಲ. ಸೊಸೆ ಎತ್ತಿಕೊಳ್ಳಲು ಹೋದಳು.

"ಇನ್ನೊಂದೀಟು ಅಳಲಿ, ತಡಿ," ಎಂದೆ.