ಮಕ್ಕಳ ಕೋರ್ಟಿನಲ್ಲಿ ಅವ್ವ

ಅರವತ್ತರ ದಶಕದಲ್ಲಿ ನನ್ನ ತಮ್ಮ ಧಾರವಾಡದ ಪೇಟೆಯಲ್ಲಿ ಯಾರದೋ ಸೈಕಲ್ ಕದ್ದು ಸಿಕ್ಕಿಬಿದ್ದ. ಆಗವನಿಗೆ ಹನ್ನೆರಡು ವರ್ಷ. ಮಕ್ಕಳ ಕೋರ್ಟಿಗೆ ಅವ್ವನ ಜೊತೆ ನಾನೂ ಹೋಗಿದ್ದೆ. ಅಲ್ಲಿ ಕಟಕಟೆ ಇರಲಿಲ್ಲ. ಮೇಜಿನಾಚೆ ಕುಳಿತ ಮ್ಯಾಜಿಸ್ಟ್ರೇಟರು, "ಸೈಕಲ್ ನೀನ ತಗೊಂಡಿಯೇನಪಾ?" ಎಂದು ಮೆಲ್ಲಗೆ ಕೇಳಿದರು.

"ಹೌದ್ರಿ," ಎಂದು ತಮ್ಮ ಒಪ್ಪಿಕೊಂಡ.

ಇದು ಮೊದಲ ತಪ್ಪು, ತಾಯಿ ಜವಾಬ್ದಾರಿ ಹೊತ್ತರೆ ಸುಧಾರಣಾ ಶಾಲೆಗೆ ಕಳಿಸದೆ ಮನೆಗೇ ಬಿಡಬಹುದು ಎಂದು ಪ್ರೊಬೇಷನ್ ಅಧಿಕಾರಿ ಹೇಳಿದರು. ತಮ್ಮನ ಮುಖ ಅರಳಿತು.

ಅಪ್ಪ ತೀರಿಕೊಂಡ ಮೇಲೆ ಮಾಳಮಡ್ಡಿಯ ಮನೆಗಳಲ್ಲಿ ಮುಸುರೆ ತಿಕ್ಕುತ್ತಿದ್ದ ಅವ್ವ, "ಬ್ಯಾಡ್ರಿ ಸಾಹೇಬ್ರ, ನಿಮ್ಮ ಸಾಲ್ಯಾಗ ಇಟ್ಕೋರಿ. ಅಲ್ಲಿ ಎರಡ ಹೊತ್ತು ಉಣ್ಣಾಕರ ಸಿಗತೈತಿ," ಎಂದು ಸೆರಗನ್ನು ಬಾಯಿಗೊತ್ತಿಕೊಂಡಳು.

ಅಲ್ಲಿಂದ ಅವನು ಬಡಗಿ ಕೆಲಸ ಕಲಿತು ಬಂದ. ಅವ್ವನನ್ನು ಕೊನೆಯವರೆಗೂ ಸಾಕಿದ. ಆದರೆ ಆ ದಿನದ ನಂತರ ಒಮ್ಮೆಯೂ ಅವಳನ್ನು 'ಅವ್ವಾ' ಎಂದು ಕರೆಯಲಿಲ್ಲ.